ನಂಬರ್ ಕೂಡುತ್ತೆ, ಶ್ರುತಿ ಕೂಡಲ್ಲ. ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಡಿಜೆ ಮಿಕ್ಸಿಂಗ್ ಕಲಿಯಲು ಶುರು ಮಾಡಿ ಆರು ತಿಂಗಳಾಯಿತು. ನಾನೇ ಮಾಡಿದ ಒಂದು ರೀಮಿಕ್ಸ್ ಇದೆ. 128 ಬಿಪಿಎಂ (ನಿಮಿಷಕ್ಕೆ ಬೀಳುವ ಬೀಟ್), ಕ್ಯಾಮೆಲಾಟ್ ಚಕ್ರದಲ್ಲಿ (ಹಾಡಿನ ಕೀ, ಅಂದರೆ ಶ್ರುತಿ-ಸ್ವರಗುಂಪನ್ನು 1ರಿಂದ 12ರ ನಂಬರ್‌ನಲ್ಲಿ ತೋರಿಸುವ ಚಕ್ರ, ಎ ಅಂದರೆ ಮೈನರ್, ಬಿ ಅಂದರೆ ಮೇಜರ್) 8ಎ. ಅದು ಮುಗಿಯುತ್ತಾ ಬಂದಾಗ 9ಎ ಇರುವ ಇನ್ನೊಂದು ಹಾಡು ತರಬೇಕು, ಅದರ ವೇಗ 122. ಪಕ್ಕದ ನಂಬರ್ ಆದರೆ ಸೇರುತ್ತೆ ಅಂತಾರೆ ಅಲ್ವಾ? ವೇಗವನ್ನು 128ಕ್ಕೆ ಏರಿಸಿದೆ, ಬೀಟ್ ಚೆನ್ನಾಗಿಯೇ ಕೂತಿದೆ. ಆದರೆ ಎರಡೂ ಒಟ್ಟಿಗೆ ಕೇಳಿದರೆ ಅಪಸ್ವರ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ, ಅದನ್ನೇ ನಂಬಿ. ನಿಮ್ಮ ಕೀ ಲಾಕ್ (ವೇಗ ಬದಲಿಸಿದರೂ ಶ್ರುತಿ ಬದಲಾಗದಂತೆ ಹಿಡಿಯುವ ಸೌಲಭ್ಯ) ಆಫ್ ಆಗಿರಬೇಕು, ಒಮ್ಮೆ ನೋಡಿ.

ಕೀ ಲಾಕ್ ಇಲ್ಲದೆ ವೇಗ ಏರಿಸಿದರೆ ಶ್ರುತಿಯೂ ಜೊತೆಗೇ ಏರುತ್ತದೆ. ಲೆಕ್ಕ ಸುಲಭ: ಸುಮಾರು 6 ಪರ್ಸೆಂಟ್ ವೇಗಕ್ಕೆ ಒಂದು ಸೆಮಿಟೋನ್, ಅಂದರೆ ಕೀಬೋರ್ಡ್‌ನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರ. 122ರಿಂದ 128 ಅಂದರೆ 4.9 ಪರ್ಸೆಂಟ್, ಹತ್ತಿರ ಹತ್ತಿರ 0.83 ಸೆಮಿಟೋನ್. 9ಎ ಅಂದರೆ ಇ ಮೈನರ್. ಅದು ಮೇಲೆ ಹೋಗಿ ಎಫ್ ಮೈನರ್ ಹತ್ತಿರ ನಿಂತಿದೆ, ಪೂರ್ತಿ ಎಫ್ ಕೂಡ ಆಗಿಲ್ಲ. ಚಕ್ರದಲ್ಲಿ ಎಫ್ ಮೈನರ್ ಇರುವುದು 4ಎ ಜಾಗದಲ್ಲಿ. ನಿಮ್ಮ ರೀಮಿಕ್ಸ್ ಎ ಮೈನರ್. ಎ ಮೈನರ್‌ಗೂ ಇ ಮೈನರ್‌ಗೂ ಏಳರಲ್ಲಿ ಆರು ಸ್ವರ ಒಂದೇ. ಎಫ್ ಮೈನರ್ ಜೊತೆ ಒಂದೇ ಆಗಿರುವುದು ಮೂರು ಮಾತ್ರ. ಅಪಸ್ವರ ಬರುವುದು ಅದಕ್ಕೇ. ಹಾಡಿನ ಮೇಲೆ ಬರೆದಿರುವ ನಂಬರ್ ಅದರ ಮೂಲ ವೇಗದ ನಂಬರ್. ವೇಗದ ಫೇಡರ್ (ಮೇಲೆ ಕೆಳಗೆ ಜಾರಿಸುವ ಗುಂಡಿ) ಸರಿಸಿದ ಮೇಲೆ ಅದು ಸುಳ್ಳಾಗುತ್ತದೆ.

ಪ್ರಶ್ನೆ ಕೇಳಿದವರು: ಹೌದು ಸರ್, ಆಫ್ ಇತ್ತು! ಆನ್ ಮಾಡಿದೆ, ಈಗ ಸೇರುತ್ತಿದೆ. ಆದರೆ ಎರಡನೇ ಹಾಡಿನ ಕಿಕ್ (ದೊಡ್ಡ ಡ್ರಮ್‌ನ ಏಟು) ಯಾಕೋ ಮೆತ್ತಗೆ ಕೇಳುತ್ತಿದೆ. ಮೊದಲಿನ ಏಟಿಲ್ಲ.

ಉತ್ತರ: ಅದು ಕೀ ಲಾಕ್‌ಗೆ ನಾವು ಕೊಡುವ ಬೆಲೆ. ಶಬ್ದವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಜೋಡಿಸುವುದು ಅದರ ಕೆಲಸ. ಉದ್ದಕ್ಕೆ ಎಳೆಯುವ ಸ್ವರಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ. ಕಿಕ್‌ನ ಮೊದಲ 'ಟಕ್' ಇದೆಯಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಸದ್ದು, ಅದರ ಅಂಚು ಮಾತ್ರ ಸವೆದುಹೋಗುತ್ತದೆ. ಎಷ್ಟು ಜಾಸ್ತಿ ಎಳೆಯುತ್ತೀರೋ ಅಷ್ಟು ಸವೆತ.

ನಾನಾದರೆ ಮಧ್ಯದಲ್ಲಿ ಸೇರಿಸುತ್ತೇನೆ. ರೀಮಿಕ್ಸ್ ಮುಗಿಯುವ ಮೊದಲೇ ನಿಧಾನವಾಗಿ 125ಕ್ಕೆ ಇಳಿಸಿ, ಇನ್ನೊಂದನ್ನು 125ಕ್ಕೆ ಏರಿಸಿ. ಒಂದೇ ಹಾಡಿನ ಮೇಲೆ 4.9 ಪರ್ಸೆಂಟ್ ಹೇರುವ ಬದಲು ಎರಡಕ್ಕೂ ಸುಮಾರು ಎರಡೂವರೆ ಬೀಳುತ್ತದೆ. ನೆನಪಿಡಿ, ಕೀ ಲಾಕ್ ಆಫ್ ಇದ್ದರೆ ಇದರಿಂದ ಶ್ರುತಿ ಸೇರುವುದಿಲ್ಲ. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ, ನಡುವಿನ 0.83 ಅಂತರ ಹಾಗೇ ಉಳಿಯುತ್ತದೆ.

ಕೀ ಲಾಕ್ ಇಲ್ಲದೆಯೂ ಒಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ವೇಗದ ಜೊತೆ ಶ್ರುತಿ ಏರುವುದನ್ನೇ ಬಳಸಿಕೊಳ್ಳಿ. ಒಂದು ಸೆಮಿಟೋನ್ ಏರಿದರೆ ಚಕ್ರದಲ್ಲಿ ಏಳು ಮನೆ ಮುಂದೆ. 121 ಬಿಪಿಎಂ ಇರುವ 2ಎ ಹಾಡನ್ನು 128ಕ್ಕೆ ತನ್ನಿ. ಹೆಚ್ಚು ಕಡಿಮೆ ಸರಿಯಾಗಿ ಒಂದು ಸೆಮಿಟೋನ್ ಏರಿ 9ಎ ಆಗುತ್ತದೆ. ಕಿಕ್‌ನ ಏಟೂ ಉಳಿಯುತ್ತದೆ. ಹಾಡಿರುವವರ ದನಿ ಸ್ವಲ್ಪ ತೆಳ್ಳಗಾಗುತ್ತದೆ, ಹಾಗಾಗಿ ವಾದ್ಯ ಮಾತ್ರ ಇರುವ ಭಾಗದಲ್ಲಿ ಮಾಡಿ.

ಮತ್ತೆ, ಎರಡು ಹಾಡಿನ ಬೇಸ್ (ತಗ್ಗು ಸ್ವರದ ಭಾಗ) ಒಟ್ಟಿಗೆ ಬಿಡಲೇಬೇಡಿ. ಕೀ ಎಷ್ಟೇ ಕೂಡಿದರೂ ಕೆಳಗಡೆ ಕೆಸರಾಗುತ್ತದೆ. ಹೊಸ ಹಾಡಿನ ಬೇಸ್ ಪೂರ್ತಿ ಇಳಿಸಿಟ್ಟು ಒಳಗೆ ತನ್ನಿ. 32 ಬೀಟ್ ಮುಗಿದು ಮುಂದಿನ 'ಒಂದು' ಬೀಳುವಾಗ ಹೊಸ ಹಾಡಿನ ಬೇಸ್ ಕೊಟ್ಟು ಹಳೆಯದರದ್ದು ತೆಗೆಯಿರಿ. 128ರಲ್ಲಿ 32 ಬೀಟ್ ಅಂದರೆ 15 ಸೆಕೆಂಡ್. ಆತುರ ಬೇಡ.

ಇನ್ನೊಬ್ಬರು: ಸರ್, ನನ್ನದೂ ಒಂದು. 90 ಬಿಪಿಎಂನ ಗಾಯನ ಇದೆ, ಹಾಡಿದ ದನಿ ಮಾತ್ರ. ಅದನ್ನು 126ರ ಹೌಸ್ (ಒಂದು ಬಗೆಯ ಡಾನ್ಸ್ ಸಂಗೀತ) ರೀಮಿಕ್ಸ್ ಮಾಡಬೇಕು. ಎಳೆದರೆ ದನಿ ರೋಬೋಟ್ ಥರ ಆಗುತ್ತಿದೆ.

ಉತ್ತರ: ಆಗದೆ ಇರುತ್ತಾ? ಅದು 40 ಪರ್ಸೆಂಟ್. 87ರ ಗಾಯನವನ್ನು 174ರ ಡ್ರಮ್ ಆ್ಯಂಡ್ ಬೇಸ್ (ವೇಗದ ಡಾನ್ಸ್ ಸಂಗೀತ) ಮೇಲೆ ಕೂರಿಸುವುದಾದರೆ ಚಿಂತೆ ಇರಲಿಲ್ಲ, ಸರಿಯಾಗಿ ದುಪ್ಪಟ್ಟು, ಏನೂ ಎಳೆಯಬೇಕಿಲ್ಲ. ನಿಮ್ಮದಕ್ಕೆ ಕತ್ತರಿಯೇ ಬೇಕು. ಸಾಲು ಸಾಲಾಗಿ ಕತ್ತರಿಸಿ. ಪ್ರತಿ ಸಾಲಿನಲ್ಲೂ ಒತ್ತು ಬೀಳುವ ಅಕ್ಷರ ಹುಡುಕಿ, ಅದನ್ನು ಬೀಟ್ ಮೇಲೆ ಇಡಿ. ಪದಗಳನ್ನು ಆದಷ್ಟು ಮುಟ್ಟಬೇಡಿ, ನಡುವಿನ ಮೌನವನ್ನು ಹೆಚ್ಚು ಕಡಿಮೆ ಮಾಡಿ. ಗಾಯಕರು ಉಸಿರು ತೆಗೆದುಕೊಳ್ಳುವ ಸದ್ದನ್ನು ಅಳಿಸಬೇಡಿ. ಅದು ಹೋದರೆ ದನಿ ಮನುಷ್ಯರದ್ದು ಅನಿಸುವುದಿಲ್ಲ. ಇಡೀ ಹಾಡು ಬೇಕೇ ಬೇಕು ಅಂತಿಲ್ಲ, ಒಳ್ಳೆಯ ನಾಲ್ಕು ಸಾಲು ಸಾಕು.

ಗಾಯನದ ಕೀ ಸಹ ಬದಲಿಸಬೇಡಿ. ಸಂಗೀತ ನೀವೇ ಹೊಸದಾಗಿ ಹಾಕುತ್ತಿದ್ದೀರಿ, ಅದೇ ದನಿಯ ಕಡೆ ಬರಲಿ. ಹಾಡು ಸಿ ಮೇಜರ್ ಆಗಿದ್ದು ನಿಮಗೆ ಸ್ವಲ್ಪ ಗಾಢವಾದ ಭಾವ ಬೇಕಿದ್ದರೆ ಕೆಳಗೆ ಎ ಮೈನರ್ ಕಾರ್ಡ್ ಹಾಕಿ ನೋಡಿ. ಸ್ವರಗಳು ಅವೇ ಏಳು, ಚಕ್ರದಲ್ಲಿ 8ಬಿ ಮತ್ತು 8ಎ. ಸಾಫ್ಟ್‌ವೇರ್ ಈ ಎರಡನ್ನು ಎಷ್ಟೋ ಸಲ ಅದಲು ಬದಲು ತೋರಿಸುತ್ತದೆ. ಹಾಗಾಗಿ ಹಾಡು ನಡೆಯುತ್ತಿರುವಾಗ ಕೀಬೋರ್ಡ್‌ನಲ್ಲಿ ಒಂದೇ ಸ್ವರ ಒತ್ತಿ ಹಿಡಿಯಿರಿ, ತಂಬೂರಿ ಶ್ರುತಿ ಹಿಡಿದ ಹಾಗೆ. ಸಾಲಿನ ಕೊನೆಗೆ ದನಿ ಯಾವ ಸ್ವರಕ್ಕೆ ಬಂದು ನೆಮ್ಮದಿಯಾಗಿ ಕೂರುತ್ತದೋ ಅದೇ ನಿಮ್ಮ ಆಧಾರ ಸ್ವರ.