‘ಕಾಯಿಸು’ ಎಂದರೆ ಯಾವ ಕಾಯಿಸು? ಅಳಿಯನಿಗೆ ಹೇಗೆ ತಿಳಿಸಲಿ?

ತಿಪಟೂರಿನ ಅತ್ತೆ:
ನನ್ನ ಅಳಿಯ ಲಖನೌ ಕಡೆಯವರು. ಕನ್ನಡ ಕಲಿಯಲೇಬೇಕೆಂದು ಹಟ ಹಿಡಿದು, ಕಿವಿಗೆ ಬಿದ್ದ ಪದವನ್ನೆಲ್ಲ ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮೊನ್ನೆ ಮಗಳ ಮನೆಗೆ ಹೋಗಿದ್ದೆ. ತರಕಾರಿಗೆಂದು ಹೊರಟವಳು "ಹಾಲಿನ ಪ್ಯಾಕೆಟ್ ಹೊರಗೇ ಇದೆ, ಕಾಯಿಸಿಡಿ" ಎಂದೆ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಒಲೆಯ ಮೇಲೆ ಪಾತ್ರೆಯೇ ಇಲ್ಲ, ಪ್ಯಾಕೆಟ್ ಫ್ರಿಜ್ಜಿನಲ್ಲಿ ಮಲಗಿದೆ. ಕೇಳಿದ್ದಕ್ಕೆ ಪುಸ್ತಕ ತೆರೆದು ತೋರಿಸಿದರು. ಕಚೇರಿಯಲ್ಲಿ ಯಾರೋ "ಕ್ಷಮಿಸಿ, ತುಂಬಾ ಹೊತ್ತು ಕಾಯಿಸಿಬಿಟ್ಟೆ" ಎಂದಾಗ ಬರೆದುಕೊಂಡದ್ದಂತೆ. ನಾನು ಬರುವವರೆಗೆ ಹಾಲನ್ನು ಕಾಯಿಸಿದ್ದರು, ಪಾಪ!

ನಕ್ಕು ಮುಗಿಸಿ ಬಿಡಿಸಿ ಹೇಳಲು ಹೋದೆ, ನಾನೇ ಸಿಕ್ಕಿಹಾಕಿಕೊಂಡೆ. ದನ ಕಾಯುವುದು, ಬಸ್ಸಿಗೆ ಕಾಯುವುದು, ಎಣ್ಣೆ ಕಾಯುವುದು. ಸಾಲದ್ದಕ್ಕೆ ಅಡುಗೆಮನೆಯಲ್ಲಿ ತೆಂಗಿನಕಾಯಿ ಬೇರೆ. ಹೊಸಬರು ಹಿಡಿದುಕೊಳ್ಳಲು ಏನಾದರೂ ಗುರುತು ಇದೆಯೇ?

ನಿವೃತ್ತ ಮೇಷ್ಟ್ರು:
ಇದೆ ತಾಯಿ. ಪದವನ್ನು ಬಿಟ್ಟು ಪಕ್ಕದ ವಿಭಕ್ತಿಯನ್ನು ನೋಡಲು ಹೇಳಿ. ‘ಬಸ್ಸಿಗೆ ಕಾದೆ’: ‘ಗೆ’ ಬಂದರೆ ನಿರೀಕ್ಷೆ. ‘ಮನೆಯನ್ನು ಕಾದೆ’: ‘ಅನ್ನು’ ಬಂದರೆ ರಕ್ಷಣೆ. ‘ಎಣ್ಣೆ ಕಾದಿದೆ’ ಎಂಬಲ್ಲಿ ಕರ್ಮವೇ ಇಲ್ಲ, ಅದು ಬಿಸಿ. ಅಸಲಿಗೆ ಇದು ಒಂದೇ ಧಾತುವಲ್ಲ. ಬಿಸಿಯಾಗುವ ‘ಕಾಯ್’ ಬೇರೆ, ರಕ್ಷಿಸುವ ‘ಕಾಯ್’ ಬೇರೆ. ತಮಿಳಿನಲ್ಲಿ ಮೊದಲನೆಯದು ಕಾಯ್, ಎರಡನೆಯದು ಕಾ. ನಮ್ಮಲ್ಲಿ ಎರಡೂ ಒಂದೇ ವೇಷ ತೊಟ್ಟಿವೆ. ಕಾವು, ಕಾವಲಿ ಒಂದು ಮನೆಯವು. ಕಾವಲು, ಕಾಪಾಡು ಇನ್ನೊಂದು ಮನೆಯವು.

ಅಜ್ಜಂಪುರದವ:
ಮೇಷ್ಟ್ರೇ, ‘ನಿನ್ನ ದಾರಿಯನ್ನೇ ಕಾಯುತ್ತಿದ್ದೆ’ ಎನ್ನುವುದಿಲ್ಲವೇ? ‘ಅನ್ನು’ ಇದೆ, ಆದರೆ ದಾರಿಯನ್ನು ಯಾರೂ ಕದ್ದೊಯ್ಯುವುದಿಲ್ಲ. ಕಣ್ಣಿಟ್ಟು ಕೂರುವುದು ಎರಡರಲ್ಲೂ ಇದೆ, ನಿರೀಕ್ಷೆ ರಕ್ಷಣೆಗಳ ನಡುವೆ ಅಷ್ಟು ಎತ್ತರದ ಗೋಡೆ ಕಟ್ಟಬೇಡಿ.

ನಮ್ಮ ಕಡೆ ‘ಕಾವಲು’ ಎಂದರೆ ಕೆಲಸ ಮಾತ್ರವಲ್ಲ, ನೆಲವೂ ಹೌದು: ಅಮೃತಮಹಲ್ ದನಗಳ ಮೇವಿಗೆಂದು ಮೈಸೂರು ಅರಸರ ಕಾಲದಲ್ಲಿ ಬಿಟ್ಟ ಬಯಲು. ‘ಹುಲ್ಲುಗಾವಲು’ ಬಿಡಿಸಿದರೆ ಸಿಗುವುದೂ ಅದೇ ಕಾವಲು. ರೈಲಿನಲ್ಲಿ ಸೀಟು ‘ಕಾಯ್ದಿರಿಸುವುದು’ ಕೂಡ. ಸರ್ಕಾರದ ‘ಕಾಯ್ದೆ’ಯನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ, ಅದು ಅರಬ್ಬಿ ಮೂಲದ್ದು. ನಿಮ್ಮ ಅಳಿಯನಿಗೆ ಅದು ‘ಕಾಯದಾ’ ಎಂದು ಮೊದಲೇ ಗೊತ್ತಿರುತ್ತದೆ.

ವೀರಗಲ್ಲಿನ ಹುಚ್ಚ:
ಇನ್ನೊಂದು ಗೋಜಲು. ವೀರಗಲ್ಲುಗಳಲ್ಲಿ ‘ಕಾದಿ ಸತ್ತ’ ಎಂದಿರುವುದನ್ನು ಚಿಕ್ಕವನಿದ್ದಾಗ ‘ಕಾದು ಕಾದು ಸತ್ತ’ ಎಂದೇ ಓದಿಕೊಂಡು ಮರುಗಿದ್ದೆ. ಅಲ್ಲಿರುವುದು ಹೋರಾಡು ಎಂಬರ್ಥದ ‘ಕಾದು’, ಇಂದಿನ ಕಾದಾಟದಲ್ಲಿ ಉಳಿದಿರುವುದು. ಕೊನೆಯ ಸ್ವರ ನೋಡಿ: ಕಾಯುವವನು ಕಾದು ಸತ್ತ, ಹೋರಾಡಿದವನು ಕಾದಿ ಸತ್ತ. ತುರುಗಾಳಗದ ಕಲ್ಲುಗಳಲ್ಲಂತೂ ದನ ಕಾಯಲೆಂದೇ ಕಾದಿ ಸತ್ತವರಿದ್ದಾರೆ.

ತಿಪಟೂರಿನ ಅತ್ತೆ:
ಎಲ್ಲವನ್ನೂ ಅಳಿಯನಿಗೆ ಓದಿ ಹೇಳಿದೆ. ಮೇಷ್ಟ್ರ ಸೂತ್ರ ಕೇಳಿ ಅರೆಗಳಿಗೆ ಸುಮ್ಮನಿದ್ದು, "ಅತ್ತೆ, ‘ಹಾಲನ್ನು ಕಾಯಿಸಿದೆ’, ‘ನನ್ನನ್ನು ಕಾಯಿಸಿದೆ’, ಎರಡರಲ್ಲೂ ‘ಅನ್ನು’ ಇದೆಯಲ್ಲ?" ಎಂದರು. ಮೇಷ್ಟ್ರೇ, ಇದಕ್ಕೆ ನೀವೇ ಉತ್ತರಿಸಬೇಕು. ಸದ್ಯಕ್ಕೆ ‘ಮನುಷ್ಯರಾದರೆ ತಡ, ಪಾತ್ರೆಯಲ್ಲಿದ್ದರೆ ಬಿಸಿ’ ಎಂದು ನಾನೇ ಬರೆಸಿದ್ದೇನೆ.

ನಿನ್ನೆ ಫೋನು ಮಾಡಿ "ಹಾಲು ಕಾಯಿಸಿದೆ ಅತ್ತೆ" ಎಂದರು, ದೊಡ್ಡ ಸಾಧನೆಯೆಂಬಂತೆ. ಹಿಂದಿನಿಂದ ಮಗಳು ಒಲೆ ಒರೆಸುತ್ತಾ ಗೊಣಗುತ್ತಿದ್ದದ್ದು ಕೇಳಿಸಿತು. ಹಾಲು ಕಾಯುವಾಗ ಪಕ್ಕದಲ್ಲಿ ನಿಂತು ಹಾಲನ್ನು ಕಾಯಬೇಕೆಂದು ನಾನು ಹೇಳಿಯೇ ಇರಲಿಲ್ಲ.