ಅವನು ಕುಡೀತಾನೆ, ನಾನು ಕುಡಿಯಲ್ಲ. ಅನುಭವ ಇದ್ದವರು ಹೇಳಿ

ಕೇಳಿದವರು, ಬಳ್ಳಾರಿ:
ನಾನು ಕುಡಿಯುವುದಿಲ್ಲ, ಮುಂದೆಯೂ ಕುಡಿಯಲ್ಲ. ನಾನು ಇಷ್ಟಪಟ್ಟ ಹುಡುಗನಿಗೆ ತೋರಣಗಲ್ಲಿನಲ್ಲಿ ಕೆಲಸ. ಶನಿವಾರ ಬಂತೆಂದರೆ ಗೆಳೆಯರ ಜೊತೆ ದಾಬಾ. "ಬರೀ ಬೀರು, ಅಷ್ಟೇ" ಅನ್ನುತ್ತಾನೆ. ಜಗಳ ಮಾಡುವವನಲ್ಲ, ತುಂಬಾ ಒಳ್ಳೆಯವನು. ಆದರೂ ಆ ರಾತ್ರಿ ಫೋನಿನಲ್ಲಿ ಅವನ ದನಿ ಕೇಳಿದರೆ ನನಗೆ ಹೊಟ್ಟೆ ಕಿವುಚುತ್ತದೆ. ನಮ್ಮಪ್ಪ ಕುಡಿಯುತ್ತಿದ್ದರು. ಮನೆಯಲ್ಲಿ ಮಾತುಕತೆ ಶುರುವಾಗುವ ಮುಂಚೆ ಅವನ ಹತ್ತಿರ ಏನೇನು ಮಾತಾಡಿಕೊಳ್ಳಬೇಕು?

ರಾಯಚೂರಿನ ಅಕ್ಕ:
ತಂಗಿ, ನಿಮ್ಮಪ್ಪನ ವಿಷಯ ಅವನಿಗೆ ಪೂರ್ತಿ ಹೇಳಿದ್ದೀಯಾ? ಮೊದಲು ಅದನ್ನು ಹೇಳು. ನಮ್ಮಪ್ಪ ಸಾರಾಯಿ ಪ್ಯಾಕೆಟ್ ಕಾಲದವರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಅಪ್ಪ ಕ್ವಾರ್ಟರ್ ಬಾಟಲಿ ಹಿಡಿದರು. ಆ ವಾಸನೆ ಬಂದರೆ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ. ಮದುವೆಗೆ ಮುಂಚೆಯೇ ಇದನ್ನೆಲ್ಲ ನಮ್ಮ ಮನೆಯವರಿಗೆ ಹೇಳಿದೆ. ಅವರು ನಗಲಿಲ್ಲ, "ನಾನು ನಿಮ್ಮಪ್ಪನ ಥರ ಅಲ್ಲ" ಅಂತ ವಾದವನ್ನೂ ಮಾಡಲಿಲ್ಲ. ಕುಡಿದ ರಾತ್ರಿ ಹಾಲ್‌ನಲ್ಲಿ ಮಲಗುತ್ತೇನೆ, ಗಾಡಿ ಮುಟ್ಟಲ್ಲ ಅಂದರು. ಇವತ್ತಿಗೂ ಹಾಗೇ ನಡೆದುಕೊಂಡಿದ್ದಾರೆ. ನಿನ್ನ ಹುಡುಗ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನಾ, ಅದನ್ನು ನೋಡು.

ಗಂಗಾವತಿಯವರು:
ನಮ್ಮಲ್ಲಿ ಉಲ್ಟಾ. ಕುಡಿಯದವನು ನಾನು. ಅವಳು ಗೆಳತಿಯರು ಸೇರಿದಾಗ ಒಂದು ಗ್ಲಾಸ್ ವೈನ್ ತಗೊಳ್ಳುತ್ತಾಳೆ. ಹುಡುಗ ಕುಡಿದರೆ ಯಾರೂ ಏನೂ ಅನ್ನಲ್ಲ, ಹುಡುಗಿ ಕುಡಿದರೆ ನಡತೆಯ ತನಕ ಹೋಗುತ್ತಾರೆ. ಇದು ಅನ್ಯಾಯ ಅಲ್ವಾ? ನಾವಿಬ್ಬರೂ ಸಿಗುವುದು ಬೆಳಿಗ್ಗೆಯೇ. ಸಾಣಾಪುರ ಕೆರೆ, ಆನೆಗೊಂದಿ, ಬರುವಾಗ ಮಿರ್ಚಿ ಮಂಡಕ್ಕಿ. ಪಾರ್ಟಿ ಇದ್ದರೆ ನಾನು ಊಟ ಮುಗಿಸಿ ಹೊರಡುತ್ತೇನೆ, ಅವಳು ಬೇಜಾರು ಮಾಡಿಕೊಳ್ಳಲ್ಲ. "ಸುಮ್ನೆ ಒಂದು ಗುಟುಕು ಕುಡಿ" ಅಂತ ನನಗೆ ಒಂದು ಸಲವೂ ಅಂದಿಲ್ಲ.

ಬಳ್ಳಾರಿಯ ಸ್ಟಾಫ್ ನರ್ಸ್:
"ಬರೀ ಬೀರು" ಅನ್ನುವುದಕ್ಕೆ ಲೆಕ್ಕ ಕೇಳು. 650 ಎಂಎಲ್ ಸ್ಟ್ರಾಂಗ್ ಬೀರಿನಲ್ಲಿ 8% ಆಲ್ಕೋಹಾಲ್ ಇದ್ದರೆ, ಆ ಒಂದು ಬಾಟಲಿ ವಿಸ್ಕಿಯ 30 ಎಂಎಲ್ ಪೆಗ್ ನಾಲ್ಕಕ್ಕೆ ಸಮ. ದಾಬಾದಿಂದ ವಾಪಸ್ ಹೇಗೆ ಬರುತ್ತಾನೆ? ಆ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ, ಬೈಕ್ ಅಂದರೆ ನನಗೆ ಭಯ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು.

ಇನ್ನೊಂದು ಮಾತು ಕೈಮುಗಿದು ಕೇಳುತ್ತೇನೆ, ಓದುವ ಎಲ್ಲರಿಗೂ. ಕುಡಿತ ಬಿಡಿಸುವ ಪುಡಿ, ಮಾತ್ರೆ ಅಂತ ಯಾರು ಕೊಟ್ಟರೂ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ, ಅದರ ಮೇಲೆ ಕುಡಿದಾಗ ಬಿಪಿ ಇಳಿದು ಜೀವಕ್ಕೇ ಅಪಾಯ ಆಗಬಹುದು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೂ ಫಿಟ್ಸ್ ಬರಬಹುದು, ಡಾಕ್ಟರ್ ಬೇಕೇ ಬೇಕು. ನಿನ್ನ ಭಯದ ಬಗ್ಗೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸಿಂಧನೂರಿನವರು:
ನಾನು ಬಿಟ್ಟು ಬಂದೆ, ಅವನ ಸುಳ್ಳು ತಡೆಯಲಾಗದೆ. ಏಲಕ್ಕಿ ಅಗಿಯುತ್ತಾ ಬಂದು "ಕುಡಿದಿಲ್ಲ" ಅನ್ನುತ್ತಿದ್ದ. ಅವರಮ್ಮ "ಮದುವೆ ಆದರೆ ಸರಿಹೋಗ್ತಾನಮ್ಮ" ಅಂದರು. ಸರಿಮಾಡುವ ಕೆಲಸ ಹೆಂಡತಿಯದು ಅಂತ ನಾನು ಒಪ್ಪಲಿಲ್ಲ. ಅವನು ಎಂದೂ ಬಿಡದಿದ್ದರೂ ನಿನಗೆ ಸರಿಯಾ? ಇಲ್ಲ ಅನಿಸಿದರೆ ಈಗಲೇ ಹೇಳಿಬಿಡು.

ಕೇಳಿದವರು:
ಅಪ್ಪನ ವಿಷಯ ಅವನಿಗೆ ಅರ್ಧ ಮಾತ್ರ ಗೊತ್ತು. ಈ ಭಾನುವಾರ ಪೂರ್ತಿ ಹೇಳುತ್ತೇನೆ, ಬೈಕಿನದನ್ನೂ ಕೇಳುತ್ತೇನೆ. ಅಕ್ಕಾ, ನಿಶ್ಚಿತಾರ್ಥಕ್ಕೆ ಅವನ ಗೆಳೆಯರು ಎಣ್ಣೆ ಪಾರ್ಟಿ ಕೇಳಿದರೆ?

ರಾಯಚೂರಿನ ಅಕ್ಕ:
ನಿಮ್ಮ ಮನೆ ಖರ್ಚಿನಲ್ಲಿ ಬೇಡ ಅಂತ ಅವನೇ ಗೆಳೆಯರಿಗೆ ಹೇಳಲಿ. ನೀನು ಹೇಳಿದರೆ ನಿಷ್ಠುರ ನಿನಗೆ ಬರುತ್ತದೆ.