ರಿಪೋರ್ಟ್ ತೋರಿಸಲಿಕ್ಕೂ ಮತ್ತೆ ಫೀಸಾ? ಅನುಭವ ಇದ್ದವರು ಹೇಳಿ

ನೀರ್ಚಾಲಿನಿಂದ (ಕೇಳಿದವರು):
ಅಮ್ಮನಿಗೆ 68 ವರ್ಷ, ಗಂಟುನೋವು. ಮಂಗಳೂರಿನ ಒಂದು ಕ್ಲಿನಿಕ್ಕಿಗೆ ಕರಕೊಂಡು ಹೋದೆ. ಬರಲಿಕ್ಕೆ ಹೇಳಿದ್ದು ಹತ್ತೂವರೆಗೆ, ಒಳಗೆ ಕರೆದದ್ದು ಎರಡೂಕಾಲಕ್ಕೆ, ನೋಡಿದ್ದು ಮೂರು ನಿಮಿಷ. ರಿಜಿಸ್ಟ್ರೇಶನ್ 150, ಡಾಕ್ಟ್ರ ಫೀಸು 600. ವಾರದ ಹಿಂದೆ ಕಾಸರಗೋಡಿನಲ್ಲಿ ಮಾಡಿಸಿದ ರಕ್ತಪರೀಕ್ಷೆ ಆಗುವುದಿಲ್ಲವಂತೆ, ಪುನಃ 1,850. ಒಂಬತ್ತನೇ ದಿನ ರಿಪೋರ್ಟ್ ತೋರಿಸಲು ಹೋದರೆ ಮತ್ತೆ 600. "ಏಳು ದಿನದೊಳಗೆ ಬಂದರೆ ಮಾತ್ರ ಫ್ರೀ" ಎಂದರು. ಒಂದು ರಿಪೋರ್ಟ್ ಅವರು ಕೊಟ್ಟದ್ದೇ ಎಂಟನೇ ದಿನ! ಬಿಲ್ಲು ಬಿಡಿಸಿ ಕೊಡಿ ಎಂದರೆ ಸಿಸ್ಟಮ್‌ನಲ್ಲಿ ಹಾಗೇ ಬರುವುದಂತೆ. ದೂರು ಕೊಟ್ಟವರು ಯಾರಾದರೂ ಇದ್ದೀರಾ? ಕಾಸರಗೋಡಿನಲ್ಲೇ ತೋರಿಸಿದರೆ ಒಳ್ಳೆಯದಾ?

ಬದಿಯಡ್ಕದಿಂದ:
600ಕ್ಕೆ ನಿಮಗೆ ಇಷ್ಟು ಸಂಕಟ. ನನ್ನದು ಕೇಳಿ. ಅಪ್ಪನ ಪಿತ್ತಕೋಶದ ಕಲ್ಲಿನ ಆಪರೇಶನ್, ಮಂಗಳೂರಿನಲ್ಲೇ. ಬಾಯಲ್ಲಿ ಹೇಳಿದ ಪ್ಯಾಕೇಜ್ 65,000. ಕೊನೆಗೆ ಬಂದ ಬಿಲ್ಲು 1,12,480. ಇನ್ಶೂರೆನ್ಸಿನವರು ಮಂಜೂರು ಮಾಡಿದ್ದು 94,140. ಉಳಿದ 18,340 ನನ್ನ ಕೈಯಿಂದ. ಯಾಕೆ ಗೊತ್ತುಂಟಾ? ಫೈಲ್ ಚಾರ್ಜು 750, ಗ್ಲೌಸು ಮಾಸ್ಕು ಸಿರಿಂಜು ಎಂದು 6,920, ಊಟ 1,870. ಇದಾದರೂ ಹೋಗಲಿ. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 3,000 ಮಿತಿ ಇತ್ತು, ಅವರು ಕೊಟ್ಟ ರೂಮು 3,500ರದ್ದು. ಐನೂರರ ವ್ಯತ್ಯಾಸ ನಾನೇ ಕಟ್ಟಿದರೆ ಆಯಿತು ಎಂದು ತಿಳಿದಿದ್ದೆ. ಹಾಗಲ್ಲ ಮಾರಾಯ್ರೆ! ಸರ್ಜನ್ ಫೀಸು, ಥಿಯೇಟರ್ ಚಾರ್ಜು ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ, ಏಳರಲ್ಲಿ ಒಂದು ಪಾಲು ಕಡಿದರು, ಅದೇ 8,800. ರೂಮು ಕೊಡುವಾಗ ಒಬ್ಬರೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಡಿಸ್ಚಾರ್ಜ್ ಎಂದವರು ಬಿಲ್ಲು ಕೊಟ್ಟದ್ದು ಸಂಜೆ 5:40ಕ್ಕೆ. ಟ್ಯಾಕ್ಸಿಯವನ ವೈಟಿಂಗ್ ಬೇರೆ.

ಕುಂಬಳೆಯಿಂದ:
ಮಂಗಳೂರು ಮಂಗಳೂರು ಎಂದು ಓಡಿದರೆ ಹಾಗೇ ಆಗುವುದು. ನನ್ನ ಗಂಡನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು. ನಾಲ್ಕು ತಿಂಗಳು ಸರಕಾರಿ ಆಸ್ಪತ್ರೆಯಲ್ಲೇ ಡ್ರೆಸ್ಸಿಂಗ್ ಮಾಡಿಸಿದೆ. ಬೆಳಿಗ್ಗೆ ಆರೂಮುಕ್ಕಾಲರ ಬಸ್ಸು, ಚೀಟಿಗೆ ಸಾಲು, ಮಧ್ಯಾಹ್ನದವರೆಗೆ ಬೆಂಚು. ಸೊಂಟ ಬಿದ್ದುಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಬಸ್ಸು, ಚಾ, ಹೊರಗೆ ತಂದ ಎರಡು ಮುಲಾಮು ಎಲ್ಲ ಸೇರಿ 9,000 ದಾಟಲಿಲ್ಲ. ಕಾಲು ಉಳಿಯಿತು. ಬೆರಳು ತೆಗೆಯಬೇಕು ಎಂದಿದ್ದರು ಮಂಗಳೂರಿನಲ್ಲಿ. ಮಾತ್ರೆ ಈಗಲೂ ಜನೌಷಧಿಯಿಂದಲೇ.

ಬದಿಯಡ್ಕದಿಂದ:
ಅಕ್ಕ, ನಿಮಗೆ ಮಲಯಾಳ ಬರುತ್ತದೆ, ಅದಕ್ಕೇ ಸಲೀಸಾಯಿತು. ನನ್ನ ಅಪ್ಪನಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಇಲ್ಲ. ನೋವು ಎಲ್ಲಿ ಎಂದು ಕೇಳಿದ್ದೇ ಅರ್ಥವಾಗದಿದ್ದರೆ ಏನು ಹೇಳುವುದು? ಖರ್ಚಾದರೂ ಮಂಗಳೂರಿಗೆ ಹೋಗುವುದು ಅದಕ್ಕೇ.

ಮಂಜೇಶ್ವರದಿಂದ:
ಆ ಮಂಗಳೂರು 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ ಎಲ್ಲಿತ್ತು ಮಾಷ್ಟ್ರೇ? ಗಡಿಯ ದಾರಿಗಳಿಗೆ ಮಣ್ಣು ಸುರಿದದ್ದು, ತಲಪಾಡಿಯಲ್ಲಿ ಆಂಬ್ಯುಲೆನ್ಸ್ ತಡೆದದ್ದು ಮರೆತುಹೋಯಿತಾ? ನನ್ನ ದೊಡ್ಡಮ್ಮನಿಗೆ ವಾರಕ್ಕೆರಡು ಡಯಾಲಿಸಿಸ್ ಅಲ್ಲಿ. ಎರಡು ಸರ್ತಿ ತಪ್ಪಿತು. ಕೊನೆಗೆ ಕಣ್ಣೂರಿಗೆ ಹೋಗಿ ಬರುವುದಕ್ಕೆ ಜೀಪಿಗೆ 5,500 ಕೊಟ್ಟೆವು. ಕೇರಳ ಹೈಕೋರ್ಟು ಆದೇಶ ಮಾಡಿ, ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು ದಾರಿ ಬಿಡಿಸಲಿಕ್ಕೆ.

ಬದಿಯಡ್ಕದಿಂದ:
ಕರ್ನಾಟಕ ಸರಕಾರ ಗಡಿ ಮುಚ್ಚಿದ್ದಕ್ಕೆ ಡಾಕ್ಟರುಗಳೇನು ಮಾಡಿಯಾರು? ಇಲ್ಲೇ ಎಲ್ಲ ಉಂಟು ಎನ್ನುವವರು ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದು ಆಗಲೇ ಪೂರ್ತಿಯಾಗಿದ್ದರೆ ನಿಮ್ಮ ದೊಡ್ಡಮ್ಮ ತಲಪಾಡಿ ದಾಟಬೇಕಿತ್ತಾ?

ಮಂಜೇಶ್ವರದಿಂದ:
ದೊಡ್ಡಮ್ಮನ ಹೆಸರು ಎತ್ತಬೇಡಿ. ಅವರು ಈಗ ಇಲ್ಲ.

ಉಪ್ಪಳದಿಂದ:
ನಾನು ಆರು ವರ್ಷದಿಂದ ಒಂದು ಕ್ಲಿನಿಕ್ಕಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವಳು. ನಮ್ಮ ಕಡೆಯದೂ ಕೇಳಿ. ಏಳು ದಿನವೋ ಹತ್ತು ದಿನವೋ ಎಂದು ನಿಶ್ಚಯ ಮಾಡುವುದು ಯಜಮಾನರು, ಬೈಗುಳ ತಿನ್ನುವುದು ನಾವು. ಡಿಸ್ಚಾರ್ಜ್ ದಿನ ಇನ್ಶೂರೆನ್ಸಿನ ಕಡೆಯವರು ಒಂದು ಕಾಗದ ಸಾಲದು ಎಂದು ವಾಪಸು ಕಳಿಸಿದರೆ ಪುನಃ ಡಾಕ್ಟರ ಸಹಿ ಬೇಕು, ಡಾಕ್ಟರು ಥಿಯೇಟರಿನಲ್ಲಿ. ಮೂರು ತಾಸು ಅಲ್ಲೇ ಹೋಗುತ್ತದೆ. ಒಬ್ಬರು ನನ್ನ ಮುಖಕ್ಕೇ ಫೈಲು ಎಸೆದಿದ್ದಾರೆ. ನನ್ನ ಸಂಬಳ ತಿಂಗಳಿಗೆ 11,500.

ಬದಿಯಡ್ಕದಿಂದ:
ನಿಮ್ಮ ಸಂಬಳ ಕಡಿಮೆ ಎಂದು ನಾನು 18,340 ಕಟ್ಟಬೇಕಾ?

ಉಪ್ಪಳದಿಂದ:
ಹಾಗೆ ಎಲ್ಲಿ ಹೇಳಿದೆ? ರೂಮು ತಗೊಳ್ಳುವ ಮೊದಲು ಪಾಲಿಸಿ ಕಾಗದ ಓದುವುದು ಯಾರ ಕೆಲಸ? ಸೈನ್ ಹಾಕಿದ್ದು ನೀವೇ ಅಲ್ಲವಾ?

ಮುಳ್ಳೇರಿಯದಿಂದ:
ಕೇಳಿದವರು ದೂರಿನ ವಿಷಯ ಕೇಳಿದ್ದು. ನಾನು ಕೊಟ್ಟು ಗೆದ್ದವ. ಹಲ್ಲಿನ ಕ್ಯಾಪ್ ಎರಡು ಹಾಕಿ ಮೂರಕ್ಕೆ ಬಿಲ್ಲು, ಹೆಚ್ಚಿಗೆ ತಗೊಂಡದ್ದು 4,200. ಕೊಡುವುದಿಲ್ಲ ಎಂದರು. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಾದರೆ ಫೀಸಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ನನಗೆ ಹದಿನಾಲ್ಕು ತಿಂಗಳು, ಹನ್ನೊಂದು ವಾಯಿದೆ ಹಿಡಿಯಿತು. ಕೂಲಿ ಬಿಟ್ಟದ್ದು, ಬಸ್ಸು, ಜೆರಾಕ್ಸು ಲೆಕ್ಕ ಹಾಕಿದರೆ 4,200ಕ್ಕಿಂತ ಜಾಸ್ತಿಯೇ. ಆದರೂ ಹಾಕಿದ್ದೇ ಸರಿ. ಆ ಕ್ಲಿನಿಕ್ಕಿನಲ್ಲಿ ಈಗ ದರದ ಬೋರ್ಡು ತೂಗುತ್ತಾ ಉಂಟು.

ಕುಂಬಳೆಯಿಂದ:
ಬೋರ್ಡು ಯಾವ ಭಾಷೆಯಲ್ಲಿ?

ಮುಳ್ಳೇರಿಯದಿಂದ:
ಮಲಯಾಳ, ಇಂಗ್ಲಿಷು. ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯಲ್ಲಿ ಇರುವುದೇ ಆ ಎರಡು.

ಬದಿಯಡ್ಕದಿಂದ:
ನೋಡಿ! ನಾನು ಹೇಳಿದ್ದು ಇದನ್ನೇ. ಕನ್ನಡದವರಿಗೆ ಓದಲಿಕ್ಕಾಗದ ಬೋರ್ಡು.

ಕುಂಬಳೆಯಿಂದ:
ಮಂಗಳೂರಿನಲ್ಲಿ ನಿಮಗೆ ಕೊಟ್ಟ ಬಿಲ್ಲು ಕನ್ನಡದಲ್ಲಿತ್ತಾ?

ನೀರ್ಚಾಲಿನಿಂದ:
ಮುಳ್ಳೇರಿಯದವರೇ, ಬಿಲ್ಲಿನ ವಿವರ ಕೇಳುವ ಅರ್ಜಿ ಹೇಗೆ ಬರೆಯುವುದು?

ಮುಳ್ಳೇರಿಯದಿಂದ:
ಅರ್ಧ ಹಾಳೆ ಸಾಕು. ತಾರೀಕು, ರಸೀದಿ ನಂಬ್ರ, ರಿಪೋರ್ಟ್ ಕೈಗೆ ಬಂದ ದಿನ, ಅಷ್ಟೇ. ರಿಪೋರ್ಟಿನ ಮೇಲೆ ಎಂಟನೇ ದಿನದ ತಾರೀಕು ಅಚ್ಚಾಗಿರುತ್ತದೆ, ನಿಮ್ಮ ಗಟ್ಟಿ ಸಾಕ್ಷಿ ಅದೇ. ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸೀಲು ಹಾಕಿಸಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಾನು ಮೊದಲ ಸಲ ಸೀಲು ಹಾಕಿಸದೆ ಬಂದು ಎರಡು ವಾಯಿದೆ ಕಳಕೊಂಡೆ.